ಬೈಕ್ ಲಿಫ್ಟ್ ತಾನಾಗಿ ಕೆಳಗೆ ಜಾರುತ್ತಿದೆ: ರಿಪೇರಿ ಮಾಡಲಾ, ಹೊಸದು ತರಲಾ?

ಗ್ಯಾರೇಜ್_ಮೂಲೆ:
ಎಲ್ಲರಿಗೂ ನಮಸ್ಕಾರ. ನನ್ನದು ಕಾಲಲ್ಲಿ ಪಂಪ್ ಮಾಡುವ ಹೈಡ್ರಾಲಿಕ್ ಬೈಕ್ ಲಿಫ್ಟ್. ಕತ್ತರಿ ಕಾಲು, ಮೇಲೆ ತಗಡಿನ ಟೇಬಲ್. ಪ್ಲೇಟಿನ ಮೇಲೆ 450 ಕೆಜಿ ಅಂತ ಇದೆ. ನಾನು ಹತ್ತಿಸುವ ಬೈಕ್ 200 ಕೆಜಿ ಆಸುಪಾಸು. ಹಾಗಾಗಿ ಓವರ್‌ಲೋಡ್ ಮಾತೇ ಇಲ್ಲ.

ತೊಂದರೆ ಎರಡು. ಬೈಕ್ ಹತ್ತಿಸಿ ಮೇಲೆತ್ತಿದರೆ ಟೇಬಲ್ ನಿಲ್ಲುವುದಿಲ್ಲ. ನಿಧಾನಕ್ಕೆ ಜಾರುತ್ತಾ ಬಂದು ಬೀಳದಂತೆ ತಡೆಯುವ ಲಾಕ್ ಪಟ್ಟಿಯ ಹಲ್ಲಿನ ಮೇಲೆ ಕೂರುತ್ತದೆ. ಇನ್ನೊಂದು, ಟೇಬಲ್ ಪೂರ್ತಿ ಕೆಳಗಿರುವಾಗ ಪೆಡಲ್ ಸುಮಾರು ಸಲ ಖಾಲಿ ಹೋಗುತ್ತದೆ. ಆಮೇಲೆ ಹಿಡಿದುಕೊಂಡು ಏರುತ್ತದೆ. ನೆಲದ ಮೇಲೆ ಎಣ್ಣೆ ಬಿದ್ದಿಲ್ಲ.

ಮಾರಿದವರನ್ನು ಕೇಳಿದೆ. "ಒಳಗಿನ ಸೀಲ್ ಹೋಗಿದೆ, ಸ್ಪೇರ್ ಸಿಗಲ್ಲ, ಹೊಸ ಲಿಫ್ಟ್ ತಗೊಳ್ಳಿ" ಅಂದರು. ಬಿಚ್ಚಿ ನೋಡದೆ ಹಾಗೆ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಇಷ್ಟು ಗಟ್ಟಿ ಕಬ್ಬಿಣವನ್ನು ಒಂದು ಸೀಲಿಗೋಸ್ಕರ ಗುಜರಿಗೆ ಹಾಕಬೇಕಾ? ಅನುಭವ ಇದ್ದವರು ದಾರಿ ಹೇಳಿ.

ಫಿಟ್ಟರ್_ಹಳಬ:
ಮೊದಲು ಒಂದು ಮಾತು. ಲಾಕ್ ಹಲ್ಲಿಗೆ ಬಂದು ಕೂರುತ್ತದೆ ಅಂದಿರಲ್ಲ, ಅದು ಕೇಳಿ ಸಮಾಧಾನ ಆಯಿತು. ಲಾಕ್ ಹಾಕದೆ ಟೇಬಲ್ ಹತ್ತಿರ ಕೂಡ ಹೋಗಬೇಡಿ. ಹೊಸ ಲಿಫ್ಟ್ ಆದರೂ ಅಷ್ಟೇ. ಎಣ್ಣೆ ಇರುವುದು ಎತ್ತೋಕೆ, ಹಿಡಿದು ನಿಲ್ಲಿಸೋಕೆ ಅಲ್ಲ. ನಿಲ್ಲಿಸುವುದು ಲಾಕ್ ಪಟ್ಟಿಯ ಕೆಲಸ.

ಇನ್ನು ತೊಂದರೆ ಹುಡುಕುವ ವಿಷಯ. ಸ್ಪ್ಯಾನರ್ ಹಿಡಿಯುವ ಮುಂಚೆ ಮೂರು ಜಾಗ ನೋಡಿ.

ರ‍್ಯಾಮ್ ರಾಡನ್ನು, ಅಂದರೆ ಎಣ್ಣೆ ಒತ್ತಿದಾಗ ಹೊರಬಂದು ಟೇಬಲ್ ಎತ್ತುವ ಕಂಬಿಯನ್ನು, ಬಟ್ಟೆಯಲ್ಲಿ ಒರೆಸಿ, ಟೇಬಲ್ ಮೇಲೆತ್ತಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ರಾಡ್ ಹೊರಬರುವ ಕುತ್ತಿಗೆಯಲ್ಲಿ ಎಣ್ಣೆ ಉಂಗುರ ಕಟ್ಟಿದ್ದರೆ ರ‍್ಯಾಮ್ ಸೀಲ್ ಹೋಗಿದೆ. ಒಣಗಿದ್ದರೆ ಸೀಲಿನ ಮೇಲೆ ಮೊದಲೇ ಅನುಮಾನ ಬೇಡ.

ಎರಡನೆಯದು ರಿಲೀಸ್ ವಾಲ್ವ್, ಟೇಬಲ್ ಇಳಿಸಲು ಎಣ್ಣೆಯನ್ನು ಟ್ಯಾಂಕಿಗೆ ಬಿಡುವುದು. ಇಳಿಸುವ ಪೆಡಲಿನಿಂದ ವಾಲ್ವಿಗೆ ಒಂದು ಕಡ್ಡಿ ಹೋಗಿರುತ್ತದೆ. ಆ ಕಡ್ಡಿಯ ನಟ್ ಜಾಸ್ತಿ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಕಡ್ಡಿ ಬಿಚ್ಚಿ, ವಾಲ್ವನ್ನು ಕೈಯಲ್ಲೇ ಮುಚ್ಚಿ, ಮತ್ತೆ ಎತ್ತಿ ನೋಡಿ. ಜಾರುವುದು ನಿಂತರೆ ನಿಮ್ಮ ರಿಪೇರಿ ಅಲ್ಲಿಗೇ ಮುಗಿಯಿತು. ಇಕ್ಕಳ ಹಾಕಿ ತಿರುಚಬೇಡಿ, ಒಳಗೆ ವಾಲ್ವ್ ಕೂತು ಮುಚ್ಚುವ ಜಾಗ, ಅಂದರೆ ಸೀಟ್, ನಜ್ಜುತ್ತದೆ.

ಮೂರನೆಯದು ಪಂಪ್ ಪೆಡಲ್. ಭಾರ ಎತ್ತಿದ ಮೇಲೆ ಪೆಡಲನ್ನು ಕೆಳಗೇ ಒತ್ತಿ ಹಿಡಿಯಿರಿ. ಕಾಲನ್ನು ಮೇಲಕ್ಕೆ ತಳ್ಳಿದ ಹಾಗೆ ಆಗುತ್ತದಾ? ಪೆಡಲಿಗೆ ಸ್ಪ್ರಿಂಗ್ ಇದ್ದರೆ ಗೊತ್ತಾಗುವುದಿಲ್ಲ, ಸ್ಪ್ರಿಂಗ್ ಕಳಚಿ ನೋಡಿ. ಹಾಗೆ ತಳ್ಳಿದರೆ ರ‍್ಯಾಮಿನ ಎಣ್ಣೆ ಪಂಪಿಗೆ ವಾಪಸ್ ಬರುತ್ತಿದೆ ಅಂತ ಅರ್ಥ.

ಎರಡು_ಗಾಲಿ:
ಹಳಬರು ಹೇಳಿದ್ದು ಸರಿಯೇ. ಆದರೆ ನಾನು ಬೇರೆ ಥರ ಯೋಚಿಸುತ್ತೇನೆ. ಹೈಡ್ರಾಲಿಕ್ ಯೂನಿಟ್, ಅಂದರೆ ಪಂಪ್, ಟ್ಯಾಂಕ್, ರ‍್ಯಾಮ್ ಎಲ್ಲ ಸೇರಿ, ಒಂದು ತುಂಡಾಗಿಯೇ ಸಿಗುತ್ತದೆ. ಹಳೆಯದನ್ನು ಬಿಚ್ಚಿ, ಎಣ್ಣೆ ಮೈಗೆಲ್ಲ ಮಾಡಿಕೊಂಡು, ಸಿಗದ ಸೀಲಿಗೆ ಅಲೆಯುವುದಕ್ಕಿಂತ ಪೂರ್ತಿ ಯೂನಿಟ್ ಬದಲಿಸುವುದು ಒಳ್ಳೆಯದು. ಎರಡು ಪಿನ್ ತೆಗೆದು ಎರಡು ಪಿನ್ ಹಾಕಿದರೆ ಕೆಲಸ ಆಯಿತು. ಭಾರ ಹೊರುವ ಸಾಮಾನು ಇದು, ಅಂದಾಜಿನಲ್ಲಿ ರಿಪೇರಿ ಮಾಡುವ ವಸ್ತು ಅಲ್ಲ.

ಲೇತ್_ಕೆಲಸ:
ಅಂದಾಜಿನಲ್ಲಿ ಯಾರೂ ಮಾಡಬೇಕಿಲ್ಲ ಸರ್. ಅಳತೆ ತೆಗೆದು ಮಾಡಬಹುದು. ಈ ಪಂಪ್ ಒಳಗೆ ಇರುವುದೇ ನಾಲ್ಕೈದು ಭಾಗ. ಒಂದು ಸಣ್ಣ ಪಿಸ್ಟನ್, ಎರಡು ಉಕ್ಕಿನ ಬಾಲ್, ಒಂದು ರಿಲೀಸ್ ವಾಲ್ವ್, ಒಂದು ಓವರ್‌ಲೋಡ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಎಣ್ಣೆ ವಾಪಸ್ ಬಿಡುವುದು), ಒಂದು ದೊಡ್ಡ ರ‍್ಯಾಮ್.

ಎರಡು ಬಾಲ್‌ಗಳ ಕೆಲಸ ತಿಳಿದರೆ ಅರ್ಧ ರೋಗ ಸಿಕ್ಕಂತೆ. ಪೆಡಲ್ ಮೇಲೆ ಬರುವಾಗ ಒಂದು ಬಾಲ್ ಎದ್ದು ಟ್ಯಾಂಕಿನ ಎಣ್ಣೆಯನ್ನು ಒಳಗೆ ಬಿಡುತ್ತದೆ. ಪೆಡಲ್ ಒತ್ತಿದಾಗ ಅದು ಮುಚ್ಚಿಕೊಳ್ಳುತ್ತದೆ, ಇನ್ನೊಂದು ಬಾಲ್ ಎದ್ದು ಎಣ್ಣೆಯನ್ನು ರ‍್ಯಾಮ್ ಕಡೆ ಕಳಿಸುತ್ತದೆ. ಹೋದ ಎಣ್ಣೆ ಹಿಂದೆ ಬರದಂತೆ ತಡೆಯುವುದು ಈ ಎರಡನೆಯದು. ಅದರ ಸೀಟಲ್ಲಿ ಕಸ ಕೂತರೆ ಎಣ್ಣೆ ಪಂಪಿಗೆ ವಾಪಸ್ ಬಂದು ಪೆಡಲ್ ಮೇಲೇಳುತ್ತದೆ. ಪೆಡಲ್ ಪೂರ್ತಿ ಮೇಲೆ ಹೋಗಿ ತಡೆದ ಮೇಲೆ ಜಾರುವುದು ನಿಂತರೆ ಎರಡನೆಯ ಬಾಲ್ ಮಾತ್ರ ಕೆಟ್ಟಿದೆ. ಆಮೇಲೂ ಜಾರುತ್ತಲೇ ಇದ್ದರೆ ಮೊದಲನೆಯದೂ ಮುಚ್ಚುತ್ತಿಲ್ಲ, ಎಣ್ಣೆ ನೇರ ಟ್ಯಾಂಕಿಗೆ ಹೋಗುತ್ತಿದೆ. ನಿಮ್ಮ ಪೆಡಲ್ ಖಾಲಿ ಹೋಗುವುದು ನೋಡಿದರೆ ನನಗೆ ಎರಡರ ಮೇಲೂ ಅನುಮಾನ. ಎಣ್ಣೆ ಕಡಿಮೆ ಇದ್ದು ಗಾಳಿ ಸೇರಿದ್ದರೂ ಹಾಗೆ ಆಗಬಹುದು.

ಹೊಸ_ಸ್ಪ್ಯಾನರ್:
ಮಧ್ಯೆ ಒಂದು ಪ್ರಶ್ನೆ. ಕೆಳಗಿರುವಾಗ ಮಾತ್ರ ಕಷ್ಟ, ಮೇಲೆ ಹೋದ ಮೇಲೆ ಸಲೀಸು. ಇದು ಯಾಕೆ? ಭಾರ ಅದೇ ಅಲ್ವಾ?

ಫಿಟ್ಟರ್_ಹಳಬ:
ಭಾರ ಅದೇ, ಆದರೆ ರ‍್ಯಾಮ್ ತಳ್ಳುವ ಕೋನ ಬೇರೆ. ಕತ್ತರಿ ಮಲಗಿರುವಾಗ ರ‍್ಯಾಮ್ ಹೆಚ್ಚುಕಮ್ಮಿ ಅಡ್ಡಡ್ಡ ತಳ್ಳುತ್ತಿರುತ್ತದೆ, ಎತ್ತುವ ಕಡೆಗೆ ಹೋಗುವ ಬಲ ಸ್ವಲ್ಪವೇ. ಒಂದು ಲೆಕ್ಕ ಹಾಕಿ. ಬೈಕ್, ಟೇಬಲ್ ಸೇರಿ 250 ಕೆಜಿ. ಬಲದಲ್ಲಿ ಹೇಳಿದರೆ ಸುಮಾರು 2450 ನ್ಯೂಟನ್. ಮಲಗಿರುವಾಗ ರ‍್ಯಾಮ್ ಇದರ ಮೂರು ಪಟ್ಟು ತಳ್ಳಬೇಕು ಅಂದುಕೊಳ್ಳೋಣ, 7350 ನ್ಯೂಟನ್ ಆಯಿತು. ರ‍್ಯಾಮ್ 30 ಮಿಮೀ ದಪ್ಪ ಇದ್ದರೆ ಅದರ ವಿಸ್ತೀರ್ಣ 707 ಚದರ ಮಿಮೀ. ಭಾಗಿಸಿದರೆ ಎಣ್ಣೆಯ ಒತ್ತಡ 100 ಬಾರ್ ದಾಟುತ್ತದೆ. ಕಾರಿನ ಟೈರಲ್ಲಿ ಇರುವುದು ಎರಡೂವರೆ ಬಾರ್ ಅಷ್ಟೇ.

ಕತ್ತರಿ ನೆಟ್ಟಗಾಗುತ್ತಾ ಹೋದ ಹಾಗೆ ಈ ಒತ್ತಡ ಇಳಿಯುತ್ತದೆ. ಅದಕ್ಕೇ ಸಣ್ಣ ಸೋರಿಕೆ ಇದ್ದರೂ ಮೊದಲು ಕಾಣುವುದು ಕೆಳಗಡೆ. ಓವರ್‌ಲೋಡ್ ವಾಲ್ವ್ ಬಾಯಿ ಬಿಡುವುದೂ ಅಲ್ಲೇ. ಕೆಲವರು "ಏರುತ್ತಿಲ್ಲ" ಅಂತ ಆ ವಾಲ್ವಿನ ಸ್ಕ್ರೂ ಬಿಗಿ ಮಾಡುತ್ತಾರೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಅದನ್ನು ಅಳತೆ ನೋಡಿ ಕೂರಿಸಿ ಸೀಲ್ ಮಾಡಿರುತ್ತಾರೆ. ಅದು ಕೈಕೊಟ್ಟರೆ ಮುಂದೆ ಒಡೆಯುವುದು ಸಿಲಿಂಡರ್ ಅಥವಾ ಪಿನ್.

ಇಷ್ಟು ಒತ್ತಡ ಇರುವ ಕಡೆ ಬೆರಳು ಇಟ್ಟು ಸೋರಿಕೆ ಹುಡುಕಬಾರದು. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮದ ಒಳಗೆ ಹೋಗಿಬಿಡುತ್ತದೆ. ಹೊರಗೆ ಚುಕ್ಕೆಯಷ್ಟೇ ಕಾಣುತ್ತದೆ, ನೋವೂ ಮೊದಲು ಕಡಿಮೆ. ಆದರೆ ಒಳಗೆ ಮಾಂಸ ಕೊಳೆಯುತ್ತದೆ, ತಕ್ಷಣ ಆಪರೇಷನ್ ಬೇಕಾಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ, ಎಣ್ಣೆ ಅದರ ಮೇಲೆ ಬೀಳಲಿ. ಒಂದು ವೇಳೆ ಚುಚ್ಚಿದರೆ "ನಾಳೆ ನೋಡೋಣ" ಅನ್ನದೆ ಆಗಲೇ ಆಸ್ಪತ್ರೆಗೆ ಹೋಗಿ.

ಗ್ಯಾರೇಜ್_ಮೂಲೆ:
ಹೇಳಿದ ಹಾಗೆ ಎಲ್ಲ ನೋಡಿದೆ. ರ‍್ಯಾಮ್ ಕುತ್ತಿಗೆ ಒಣಗಿದೆ. ಇಳಿಸುವ ಕಡ್ಡಿ ಬಿಚ್ಚಿ ವಾಲ್ವ್ ಕೈಯಲ್ಲಿ ಮುಚ್ಚಿದೆ, ಜಾರುವುದು ನಿಲ್ಲಲಿಲ್ಲ. ಪೆಡಲಿನ ಸ್ಪ್ರಿಂಗ್ ಕಳಚಿ ಒತ್ತಿ ಹಿಡಿದರೆ ಕಾಲನ್ನು ಚೆನ್ನಾಗಿಯೇ ಮೇಲಕ್ಕೆ ತಳ್ಳುತ್ತದೆ. ಪೂರ್ತಿ ಮೇಲೆ ಬಂದ ಮೇಲೂ ಟೇಬಲ್ ಇಳಿಯುತ್ತಲೇ ಇತ್ತು, ಲಾಕಿಗೆ ಕೂರುವ ತನಕ. ಟ್ಯಾಂಕಿನ ರಬ್ಬರ್ ಬಿರಡೆ ತೆಗೆದು ಕಡ್ಡಿ ಅದ್ದಿ ನೋಡಿದೆ. ಎಣ್ಣೆ ಕಪ್ಪಗಾಗಿದೆ, ಬೆರಳಲ್ಲಿ ಉಜ್ಜಿದರೆ ಬೂದು ಬಣ್ಣದ ಪುಡಿ ಸಿಗುತ್ತದೆ.

ಲೇತ್_ಕೆಲಸ:
ಆಯಿತು, ಎರಡೂ ಬಾಲ್. ಆ ಬೂದು ಪುಡಿ ಸೀಟಲ್ಲಿ ಕೂತಿದೆ. ಇದು ಸೀಲಿನ ರೋಗವೇ ಅಲ್ಲ, ಮಾರಿದವರ ಮಾತು ಬಿಡಿ.

ಬಿಚ್ಚುವ ಕ್ರಮ ಹೇಳುತ್ತೇನೆ. ಬೈಕ್ ಇಳಿಸಿ. ಖಾಲಿ ಟೇಬಲ್ ಎತ್ತಿ, ಲಾಕ್ ಹಾಕಿ, ಜೊತೆಗೆ ಟೇಬಲ್ ಕೆಳಗೆ ಎರಡೂ ಕಡೆ ಗಟ್ಟಿ ಮರದ ದಿಮ್ಮಿ ಕೊಡಿ. ರಿಲೀಸ್ ತೆರೆದು ಟೇಬಲ್ ಪೂರ್ತಿ ದಿಮ್ಮಿ, ಲಾಕ್ ಮೇಲೆ ಕೂತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ರ‍್ಯಾಮ್ ಪಿನ್ ಸಲೀಸಾಗಿ ಜರುಗಿದರೆ ಮಾತ್ರ ಅದರ ಮೇಲೆ ಭಾರ ಇಲ್ಲ ಅಂತ ಅರ್ಥ. ಸುತ್ತಿಗೆ ಬೇಕಾದರೆ ನಿಲ್ಲಿಸಿ, ಭಾರ ಇನ್ನೂ ಇದೆ.

ಯೂನಿಟ್ ಹೊರಗೆ ತೆಗೆದು, ಎಣ್ಣೆ ಚೆಲ್ಲಿ, ಹೊರಮೈ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಆಮೇಲೆ ಮುಚ್ಚಳ ಬೋಲ್ಟ್‌ಗಳನ್ನು ಒಂದೊಂದಾಗಿ ಬಿಚ್ಚಿ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಬಾಲ್, ಸ್ಪ್ರಿಂಗ್ ಹಾರಿದರೆ ಸಿಗುತ್ತವೆ. ಪ್ರತಿ ತೂತಿನ ಫೋಟೋ ತೆಗೆದಿಡಿ. ಕೆಲವು ಯೂನಿಟ್‌ಗಳಲ್ಲಿ ಎರಡು ಬಾಲ್ ಬೇರೆ ಬೇರೆ ಅಳತೆ, ಅದಲುಬದಲಾದರೆ ಕೆಲಸ ಕೆಡುತ್ತದೆ.

ಸೀಟಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಾಲ್ ಕೂರುವ ಕಡೆ ಹೊಳೆಯುವ ತೆಳು ಉಂಗುರ ಕಾಣಬೇಕು. ಅದು ಪೂರ್ತಿ ಸುತ್ತು ಇರಬೇಕು. ಎಲ್ಲಾದರೂ ತುಂಡಾಗಿದ್ದರೆ ಎಣ್ಣೆ ಅಲ್ಲಿಂದಲೇ ಹೋಗುತ್ತಿದೆ. ಅದನ್ನು ಸರಿ ಮಾಡಲು ಹಳೆ ಬಾಲ್ ಕೂರಿಸಿ, ಅದರ ಮೇಲೆ ಹಿತ್ತಾಳೆ ಕಡ್ಡಿ ನೆಟ್ಟಗೆ ಇಟ್ಟು, ಹಗುರ ಸುತ್ತಿಗೆಯಲ್ಲಿ ಒಂದೇ ಪೆಟ್ಟು. ಜಾಸ್ತಿ ಹೊಡೆದರೆ ಸೀಟ್ ಅಗಲವಾಗುತ್ತದೆ. ಪೆಟ್ಟು ತಿಂದ ಬಾಲ್ ಬಿಸಾಕಿ ಅದೇ ಅಳತೆಯ ಹೊಸ ಬೇರಿಂಗ್ ಬಾಲ್ ಹಾಕಿ. ತಾಮ್ರದ ವಾಷರ್ ಇದ್ದರೆ ಹೊಸದು ಹಾಕಿ. ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ, ಮೆತ್ತಗಾಗಿ ಮತ್ತೆ ಕೂರುತ್ತದೆ.

ಎರಡು_ಗಾಲಿ:
ಇಷ್ಟು ಬಿಚ್ಚಿದ ಮೇಲೆ ಸೀಲ್‌ಗಳನ್ನೂ ಬದಲಿಸಿ ಅಲ್ವಾ? ಮತ್ತೆ ಬಿಚ್ಚುವ ಕಷ್ಟ ಯಾಕೆ.

ಲೇತ್_ಕೆಲಸ:
ಹೌದು, ಇದನ್ನು ನಾನೂ ಒಪ್ಪುತ್ತೇನೆ. ಆದರೆ ಹಳೆ ಓ-ರಿಂಗ್ (ಬಳೆಯಂಥ ರಬ್ಬರ್ ಸೀಲ್) ಅಳೆದು ಹೊಸದು ತರಬೇಡಿ. ಹಳೆಯದು ಒತ್ತಡಕ್ಕೆ ಚಪ್ಪಟೆಯಾಗಿರುತ್ತದೆ ಅಥವಾ ಎಣ್ಣೆ ಕುಡಿದು ಊದಿರುತ್ತದೆ. ವರ್ನಿಯರ್‌ನಲ್ಲಿ ಗ್ರೂವ್, ಅಂದರೆ ಸೀಲ್ ಕೂರುವ ತೋಡು ಅಳೆಯಿರಿ. ಗ್ರೂವಿನ ಅಗಲ, ಆಳ, ರಾಡಿನ ದಪ್ಪ, ಸಿಲಿಂಡರಿನ ಒಳಗಿನ ಅಳತೆ. ಈ ನಾಲ್ಕು ಬರೆದುಕೊಂಡು ಹೋದರೆ ಸೀಲ್ ಮಾರುವವರು ಸರಿಯಾದ್ದನ್ನೇ ಕೊಡುತ್ತಾರೆ. "ಸ್ಪೇರ್ ಸಿಗಲ್ಲ" ಅನ್ನುವುದು ಕಂಪನಿ ಕಿಟ್ ಬಗ್ಗೆ. ಸೀಲ್‌ಗಳು ಬಹುಪಾಲು ಸಾಮಾನ್ಯ ಅಳತೆಯವೇ. ಮಿನರಲ್ ಎಣ್ಣೆಗೆ ನೈಟ್ರೈಲ್ ರಬ್ಬರ್ ಸಾಕು.

ಯು ಆಕಾರದ ಸೀಲ್ ಇದ್ದರೆ ಅದರ ಬಾಯಿ ಒತ್ತಡದ ಕಡೆಗೇ ಇರಬೇಕು. ಎಣ್ಣೆ ಆ ಬಾಯೊಳಗೆ ನುಗ್ಗಿ ತುಟಿಗಳನ್ನು ಅಗಲಿಸಿ ಗೋಡೆಗೆ ಒತ್ತುತ್ತದೆ. ಒತ್ತಡ ಏರಿದಷ್ಟೂ ಬಿಗಿ. 1795ರಲ್ಲಿ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದಾಗ ದೊಡ್ಡ ತಲೆನೋವು ನೀರು ಸೋರದಂತೆ ತಡೆಯುವುದೇ ಆಗಿತ್ತು. ಅವರ ಹತ್ತಿರ ಕೆಲಸ ಮಾಡುತ್ತಿದ್ದ ಹೆನ್ರಿ ಮಾಡ್ಸ್ಲಿ ಚರ್ಮದಲ್ಲಿ ಇದೇ ಥರದ, ಒತ್ತಡಕ್ಕೆ ತಾನೇ ಬಿಗಿಯಾಗುವ ಸೀಲ್ ಮಾಡಿಕೊಟ್ಟರು. ಇವತ್ತು ಚರ್ಮದ ಜಾಗಕ್ಕೆ ರಬ್ಬರ್ ಬಂದಿದೆ, ಯೋಚನೆ ಅದೇ. ತಿರುಗಾಮುರುಗಾ ಹಾಕಿದರೆ ಮೊದಲ ದಿನವೇ ಸೋರುತ್ತದೆ.

ರಾಡಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಷ್ಟು ಸಣ್ಣ ಗೀರು ಇದ್ದರೆ 1000 ನಂಬರ್ ಎಮರಿ ಕಾಗದವನ್ನು ಎಣ್ಣೆಯಲ್ಲಿ ನೆನೆಸಿ ರಾಡಿನ ಸುತ್ತಲೂ ಉಜ್ಜಿ. ಉದ್ದುದ್ದ ಉಜ್ಜಬೇಡಿ, ಎಣ್ಣೆಗೆ ನೀವೇ ದಾರಿ ಮಾಡಿಕೊಟ್ಟಂತೆ. ಉಗುರು ಸಿಕ್ಕಿಕೊಂಡರೆ, ಕ್ರೋಮ್ ಎದ್ದು ತುಕ್ಕು ಹಿಡಿದಿದ್ದರೆ, ಎಷ್ಟು ಹೊಸ ಸೀಲ್ ಹಾಕಿದರೂ ಉಳಿಯುವುದಿಲ್ಲ. ಆಗ ಎರಡು_ಗಾಲಿ ಹೇಳಿದ ಹಾಗೆ ಯೂನಿಟ್ ಬದಲಿಸುವುದೇ ಸರಿ.

ಹೊಸ_ಸ್ಪ್ಯಾನರ್:
ಎಣ್ಣೆ ಯಾವುದು? ನನ್ನ ಹತ್ತಿರ ಇಂಜಿನ್ ಆಯಿಲ್ ಉಳಿದಿದೆ, ಬ್ರೇಕ್ ಆಯಿಲ್ ಕೂಡ ಇದೆ.

ಫಿಟ್ಟರ್_ಹಳಬ:
ಬ್ರೇಕ್ ಆಯಿಲ್ ಹಾಕಲೇಬೇಡಿ. ಸಾಮಾನ್ಯವಾಗಿ ಸಿಗುವುದು ಗ್ಲೈಕಾಲ್ ಜಾತಿಯದು, ನೈಟ್ರೈಲ್ ಸೀಲನ್ನು ಊದಿಸಿ ಹಾಳು ಮಾಡುತ್ತದೆ. ಇಂಜಿನ್ ಆಯಿಲ್ ದಪ್ಪ, ಅದರಲ್ಲಿರುವ ಡಿಟರ್ಜೆಂಟ್ ಇಲ್ಲಿ ಬೇಕಿಲ್ಲ. ಜಾಕ್ ಆಯಿಲ್ ಅಂತಲೇ ಸಿಗುತ್ತದೆ, ಇಲ್ಲವೇ ವಿಜಿ 22 ಅಥವಾ 32 (ಎಣ್ಣೆ ಎಷ್ಟು ದಪ್ಪ ಅಂತ ಹೇಳುವ ನಂಬರ್) ಹೈಡ್ರಾಲಿಕ್ ಆಯಿಲ್. ನಿಮ್ಮ ಲಿಫ್ಟಿನ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದೇ ಹಾಕಿ.

ಎಣ್ಣೆ ಮಟ್ಟ ನೋಡುವುದು ರ‍್ಯಾಮ್ ಪೂರ್ತಿ ಒಳಗೆ ಇರುವಾಗ. ಹೊರಗಿರುವಾಗ ತುಂಬಿಸಿದರೆ ಇಳಿಸುವಾಗ ವಾಪಸ್ ಬರುವ ಎಣ್ಣೆಗೆ ಜಾಗ ಇರುವುದಿಲ್ಲ, ಬಿರಡೆ ಕಿತ್ತು ಹೊರಗೆ ಬರುತ್ತದೆ. ಗಾಳಿ ತೆಗೆಯಲು ರಿಲೀಸ್ ತೆರೆದಿಟ್ಟು ಪೆಡಲನ್ನು ಹತ್ತು ಹದಿನೈದು ಸಲ ಜೋರಾಗಿ ಒತ್ತಿ. ಮುಚ್ಚಿ, ಖಾಲಿ ಟೇಬಲನ್ನು ತುದಿಯವರೆಗೆ ಎತ್ತಿ, ಇಳಿಸಿ, ಬಿರಡೆ ಸಡಿಲಿಸಿ ಗಾಳಿ ಬಿಡಿ. ಪೆಡಲ್ ಮೊದಲ ಒತ್ತಿಗೇ ಗಟ್ಟಿಯಾಗುವ ತನಕ ಹೀಗೇ ಮಾಡಿ.

ಮೂರು_ಪಿನ್:
ಎಲ್ಲರೂ ಎಣ್ಣೆ ಬಗ್ಗೆ ಮಾತಾಡುತ್ತಿದ್ದೀರಿ. ಕಬ್ಬಿಣ ಯಾರು ನೋಡುತ್ತಾರೆ? ನನ್ನ ಪ್ರಕಾರ ರಿಪೇರಿಯೋ ಹೊಸದೋ ಅನ್ನುವುದನ್ನು ತೀರ್ಮಾನ ಮಾಡಬೇಕಾದ್ದು ಫ್ರೇಮ್, ಪಂಪ್ ಅಲ್ಲ. ಪಂಪ್ ಕೆಟ್ಟರೆ ಲಿಫ್ಟ್ ಏರುವುದಿಲ್ಲ, ಅಷ್ಟೇ. ಫ್ರೇಮ್ ಕೆಟ್ಟರೆ ಏರುತ್ತದೆ, ಆಮೇಲೆ ಬೀಳುತ್ತದೆ.

ಯೂನಿಟ್ ಹೊರಗಿದ್ದಾಗ ಕತ್ತರಿ ಕಾಲುಗಳ ಮಣ್ಣು, ಗ್ರೀಸ್ ಎಲ್ಲ ತೊಳೆಯಿರಿ. ರ‍್ಯಾಮ್ ಪಿನ್ ಕೂರುವ ಕಿವಿಗಳ ಬೆಸುಗೆ ಸುತ್ತ ನೋಡಿ. ಅತಿ ಹೆಚ್ಚು ಬಲ ಬೀಳುವುದು ಅಲ್ಲೇ. ಪೇಂಟಿನ ಮೇಲೆ ಕೂದಲೆಳೆಯಂತೆ ತುಕ್ಕಿನ ಗೆರೆ ಕಂಡರೆ ಅದು ಬರೀ ಪೇಂಟ್ ಬಿರುಕು ಅಂದುಕೊಳ್ಳಬೇಡಿ, ಕೆಳಗಿನ ಬೆಸುಗೆ ಸೀಳಿರಬಹುದು. ಪಿನ್ ತೂತುಗಳು ದುಂಡಗೇ ಇವೆಯಾ, ಮೊಟ್ಟೆ ಆಕಾರ ಆಗಿವೆಯಾ? ಉರುಳುವ ಗಾಲಿ ಒಂದು ಕಡೆ ಚಪ್ಪಟೆ ಆಗಿದೆಯಾ? ಕೊನೆಗೆ ಲಾಕ್ ಪಟ್ಟಿಯ ಹಲ್ಲು. ಅಂಚು ದುಂಡಗಾಗಿದ್ದರೆ ಭಾರ ಬಿದ್ದಾಗ ಜಾರುತ್ತದೆ.

ಬುಷ್ (ಪಿನ್ ಸುತ್ತ ಕೂರುವ ಸಣ್ಣ ಕೊಳವೆ), ಪಿನ್, ಗಾಲಿ ಬದಲಿಸಬಹುದು. ಬೆಸುಗೆ ಸೀಳಿದ್ದರೆ, ಕಾಲು ಬಾಗಿದ್ದರೆ, ಲಾಕ್ ಹಲ್ಲು ಸವೆದಿದ್ದರೆ ಹೊಸ ಲಿಫ್ಟ್ ತಗೊಳ್ಳಿ.

ಎರಡು_ಗಾಲಿ:
ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಯೂನಿಟ್ ಮಾತ್ರ ಬದಲಿಸುವವರಿಗೆ ಒಂದು ವಿಷಯ ಸೇರಿಸುತ್ತೇನೆ. ಟನ್ ಲೆಕ್ಕ ನೋಡಿ ತರಬೇಡಿ, ಅಳತೆ ನೋಡಿ ತನ್ನಿ. ರ‍್ಯಾಮ್ ಪೂರ್ತಿ ಒಳಗಿರುವಾಗ ಪಿನ್ನಿಂದ ಪಿನ್ನಿಗೆ ಎಷ್ಟು, ಎಷ್ಟು ಹೊರಗೆ ಬರುತ್ತದೆ, ಪಿನ್ ದಪ್ಪ ಎಷ್ಟು, ಕವಲಿನ ಅಗಲ ಎಷ್ಟು, ಪೆಡಲ್ ಯಾವ ಕಡೆ. ಮಡಚಿದ ಉದ್ದ ಜಾಸ್ತಿ ಆದರೆ ಟೇಬಲ್ ಪೂರ್ತಿ ಕೆಳಗೆ ಕೂರುವುದಿಲ್ಲ. ಹೊರಬರುವ ಉದ್ದ ಜಾಸ್ತಿ ಆದರೆ ಕತ್ತರಿ ತನ್ನ ಮಿತಿ ದಾಟಿ ಹೋಗಿ ಕಾಲು ಬಾಗುತ್ತದೆ.

ಹೊಸ_ಸ್ಪ್ಯಾನರ್:
ನನ್ನದು ಗಾಳಿ ಪೈಪ್ ಸಿಕ್ಕಿಸುವ ಲಿಫ್ಟ್. ಟುಕುಟುಕು ಸದ್ದು ಬರುತ್ತದೆ, ಏರುವುದಿಲ್ಲ. ಕಾಲಲ್ಲಿ ಒತ್ತಿದರೆ ಏರುತ್ತದೆ.

ಲೇತ್_ಕೆಲಸ:
ಕಾಲಲ್ಲಿ ಏರುತ್ತದೆ ಅಂದರೆ ರ‍್ಯಾಮ್ ಚೆನ್ನಾಗಿದೆ. ತೊಂದರೆ ಗಾಳಿ ಪಂಪ್ ಕಡೆ. ಕಂಪ್ರೆಸರಿನ ನೀರು ಸೇರಿ ಒಳಗಿನ ಪಿಸ್ಟನ್ ಅಂಟಿಕೊಂಡಿರುತ್ತದೆ. ನೀರು ತೆಗೆದು, ಏರ್ ಟೂಲ್ ಎಣ್ಣೆ ಕೆಲವು ಹನಿ ಬಿಟ್ಟು, ಆರೇಳು ಬಾರ್ ಗಾಳಿ ಕೊಟ್ಟು ನೋಡಿ.

ಗ್ಯಾರೇಜ್_ಮೂಲೆ:
ಕೆಲಸ ಮುಗಿಸಿದೆ. ಬಿಚ್ಚಿದಾಗ ಮೊದಲ ಬಾಲ್ ಕೆಳಗೆ ಬೂದು ಕೆಸರು ಗಟ್ಟಿಯಾಗಿ ಕೂತಿತ್ತು. ಎರಡನೆಯದರ ಸೀಟಲ್ಲಿ ಹೊಳೆಯುವ ಉಂಗುರ ಒಂದು ಕಡೆ ತುಂಡಾಗಿತ್ತು, ಅಲ್ಲಿ ಸೂಜಿ ಗೀರಿದಂತೆ ಗೆರೆ. ಹಿತ್ತಾಳೆ ಕಡ್ಡಿ ಇಟ್ಟು ಒಂದು ಪೆಟ್ಟು ಕೊಟ್ಟ ಮೇಲೆ ಉಂಗುರ ಪೂರ್ತಿ ಸುತ್ತು ಬಂತು. ಹೊಸ ಬಾಲ್, ಗ್ರೂವ್ ಅಳೆದು ತಂದ ಓ-ರಿಂಗ್, ಹೊಸ ಜಾಕ್ ಆಯಿಲ್ ಹಾಕಿದೆ. ಬೆಸುಗೆಗಳು ಗಟ್ಟಿಯಾಗಿವೆ. ಕೆಳಗಿನ ಒಂದು ಬುಷ್ ಸವೆದಿತ್ತು, ಬದಲಿಸಿದೆ. ಈಗ ಪೆಡಲ್ ಮೊದಲ ಒತ್ತಿಗೇ ಹಿಡಿಯುತ್ತದೆ, ಕಾಲನ್ನು ತಳ್ಳುವುದಿಲ್ಲ. ಎಲ್ಲರಿಗೂ ತುಂಬಾ ಧನ್ಯವಾದ.

ಒಂದೇ ಒಂದು ಅನುಮಾನ ಉಳಿದಿದೆ. ಪರೀಕ್ಷೆಗೆಂದು ಬೈಕ್ ಹತ್ತಿಸಿ, ಲಾಕ್ ಹಲ್ಲಿಗಿಂತ ಸ್ವಲ್ಪ ಮೇಲೆ ನಿಲ್ಲಿಸಿ ರಾತ್ರಿ ಬಿಟ್ಟಿದ್ದೆ. ರಾಡಿಗೆ ಅಂಟಿಸಿದ ಟೇಪಿನ ಪ್ರಕಾರ ಬೆಳಿಗ್ಗೆ ಒಂದು ಮಿಮೀ ಒಳಗೆ ಹೋಗಿತ್ತು. ಟೇಬಲ್ ಅದಕ್ಕಿಂತ ಜಾಸ್ತಿ ಇಳಿದಿತ್ತು. ಇದು ಸೋರಿಕೆಯೇ?

ಫಿಟ್ಟರ್_ಹಳಬ:
ಲಾಕ್ ಪಟ್ಟಿ ಕೆಳಗೆ ಇಟ್ಟೇ ಪರೀಕ್ಷೆ ಮಾಡಿದಿರಿ, ಅದು ಸರಿಯಾದ ಕ್ರಮ. ಟೇಬಲ್ ಜಾಸ್ತಿ ಇಳಿದದ್ದು ಸಹಜ. ರ‍್ಯಾಮ್ ಎಷ್ಟು ಪಟ್ಟು ಬಲ ಹಾಕುತ್ತದೋ ಟೇಬಲ್ ಅಷ್ಟು ಪಟ್ಟು ದೂರ ಚಲಿಸುತ್ತದೆ.

ಆ ಒಂದು ಮಿಮೀ ಬಹುಶಃ ತಣ್ಣಗಾದ ಎಣ್ಣೆ. ಮಿನರಲ್ ಎಣ್ಣೆ ಒಂದು ಡಿಗ್ರಿ ತಣ್ಣಗಾದರೆ ಹತ್ತು ಸಾವಿರದಲ್ಲಿ ಏಳು ಭಾಗದಷ್ಟು ಕುಗ್ಗುತ್ತದೆ. ರಾಡ್ 150 ಮಿಮೀ ಹೊರಗಿದ್ದು, ರಾತ್ರಿ 10 ಡಿಗ್ರಿ ಇಳಿದರೆ ಲೆಕ್ಕಕ್ಕೆ ಸರಿಯಾಗಿ ಒಂದು ಮಿಮೀ ಬರುತ್ತದೆ. ಟೇಪ್ ಹಾಗೇ ಇರಲಿ, ಮಧ್ಯಾಹ್ನ ಸೆಕೆ ಏರಿದ ಮೇಲೆ ಪೆಡಲ್ ಮುಟ್ಟದೆ ಮತ್ತೆ ಅಳೆಯಿರಿ. ರಾಡ್ ಹಳೆ ಗುರುತಿನ ಹತ್ತಿರ ವಾಪಸ್ ಬಂದಿದ್ದರೆ ನಿಮ್ಮ ರಿಪೇರಿ ಗಟ್ಟಿಯಾಗಿದೆ. ಇನ್ನೂ ಒಳಗೆ ಹೋಗಿದ್ದರೆ ಈ ಸಲ ರಿಲೀಸ್ ವಾಲ್ವಿನ ಸೀಟ್ ಬಿಚ್ಚಿ ನೋಡಿ, ಅದೊಂದನ್ನು ನೀವು ಇನ್ನೂ ತೆರೆದಿಲ್ಲ.